ಮರದ್ದು, ನೆಲದ್ದು, ಎಲ್ಲದ್ದು

ಸಭೆಯ ಅಧ್ಯಕ್ಷರಾದ ಪೂಜ್ಯ ರಬ್ಬಿ ಫೈವಲ್ ಸ್ಟಾರ್ಕ್ ಅವರೇ, ಶಾಲೆಯ ಮುಖ್ಯೋಪಾಧ್ಯಾಯಿನಿ ಶ್ರೀಮತಿ ಬ್ರೈಂಡಲ್ ಹಾಲ್ಪರ್ನ್ ಅವರೇ, ನಮ್ಮೆಲ್ಲರ ಬಾಯೊಳಗಿನ ಗುಟ್ಟು ಬಲ್ಲ ದಂತವೈದ್ಯ ಡಾಕ್ಟರ್ ಸೆಂಡರ್ ಅವರೇ, ಅಧ್ಯಾಪಕ ವೃಂದದವರೇ, ತಂದೆತಾಯಿಗಳೇ, ಮುಂದಿನ ಸಾಲಿನಲ್ಲಿ ಒಂದು ನಿಮಿಷವೂ ಸುಮ್ಮನೆ ಕೂರದ ನನ್ನ ಪುಟಾಣಿ ಗೆಳೆಯರೇ, ಭಾನುವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿರುವ ಸಭಿಕರೇ,

ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಹಣ್ಣಿನ ಮೇಜನ್ನು ಉದ್ಘಾಟಿಸಲು, ಮಕ್ಕಳ ಆಹಾರದ ಬಗ್ಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದಿದ್ದೀರಿ. ಕಳ್ಳನ ಕೈಗೆ ಬೀಗದ ಕೈ ಕೊಡುವುದು ಎಂದರೆ ಇದೇ. ಮ್ಯಾಂಚೆಸ್ಟರಿನ ಈ ಬಡಾವಣೆಯಲ್ಲಿ ಝೆಲಿಗ್ ಟ್ರೇಗರ್ ಎಂದರೆ ಯಾರೆಂದು ದೊಡ್ಡವರಿಗೆ ಗೊತ್ತಿಲ್ಲದೆ ಇರಬಹುದು. ಟಾಫಿ ತಾತ ಎಂದರೆ ಹಾಲುಗಲ್ಲದ ಮಗುವಿಗೂ ಗೊತ್ತು. ಮೂವತ್ತೊಂದು ವರ್ಷ ಪ್ರತಿ ಶನಿವಾರ, ನಮ್ಮ ಸಬ್ಬತ್ತಿನ ವಿಶ್ರಾಂತಿ ದಿನದಂದು, ಪ್ರಾರ್ಥನೆ ಮುಗಿದ ಮೇಲೆ, ನಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗಿನ ಮಕ್ಕಳಿಗೆಲ್ಲ ಟಾಫಿ ಹಂಚಿದವನು ನಾನು. ಡಾಕ್ಟರ್ ಸೆಂಡರ್ ಒಮ್ಮೆ ನನ್ನ ಕೈ ಹಿಡಿದುಕೊಂಡು, "ಝೆಲಿಗ್ ಅವರೇ, ನನ್ನ ಆಸ್ಪತ್ರೆ ಮೇಲೆ ಇನ್ನೊಂದು ಮಹಡಿ ಎದ್ದಿದ್ದೇ ನಿಮ್ಮ ದಯೆಯಿಂದ" ಅಂದಿದ್ದರು. ಅವರು ತಮಾಷೆಗೆ ಅಂದರೆಂದು ಆಗ ತಿಳಿದುಕೊಂಡಿದ್ದೆ.

ಈ ಕೆಲಸ ನನಗೆ ಹೇಗೆ ಅಂಟಿಕೊಂಡಿತು? ಮಳೆಯಂಗಿ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನಾಗಿದ್ದೆ. ಕತ್ತರಿ ಹಿಡಿದರೆ ಗೆರೆ ತಪ್ಪುತ್ತಿರಲಿಲ್ಲ, ಆದರೆ ನಾಲ್ಕು ಜನರ ಮಧ್ಯೆ ಮಾತು ಬರುತ್ತಿರಲಿಲ್ಲ. ಪ್ರಾರ್ಥನೆಗೆ ಬಂದರೆ ಹಿಂದಿನ ಬೆಂಚು. ಮುಂದೆಲ್ಲ ಅಪ್ಪಂದಿರು, ಅವರು ಹೊದ್ದ ಪ್ರಾರ್ಥನೆಯ ಶಾಲಿನ ಕೆಳಗೆ ಅವರ ಮಕ್ಕಳು. ನನಗೂ ನನ್ನ ಗೀಟಲ್‌ಗೂ ಮಕ್ಕಳಾಗಲಿಲ್ಲ, ಅದು ನಿಮಗೆಲ್ಲ ಗೊತ್ತಿರುವ ವಿಷಯ. ಒಂದು ಸಬ್ಬತ್ ಯಾರದೋ ಕೂಸು ರಚ್ಚೆ ಹಿಡಿದು ಅಳುತ್ತಿತ್ತು. ನನ್ನ ಬಳಿ ಗಂಟಲು ಕೆರೆತಕ್ಕೆಂದು ಒಂದು ಪೆಪ್ಪರ್ಮಿಂಟ್ ಇತ್ತು, ಕೊಟ್ಟೆ. ಕೂಸು ಅಳು ನಿಲ್ಲಿಸಿತು. ಅಷ್ಟೇ ಅಲ್ಲ, ನನ್ನ ತೊಡೆಯ ಮೇಲೆ ಹತ್ತಿ ಕುಳಿತುಬಿಟ್ಟಿತು. ಮುಂದಿನ ವಾರ ಮೂವರು ಬಂದರು. ಹಬ್ಬದ ಹೊತ್ತಿಗೆ ಹದಿನೈದು. ಜನ ಮೊದಲು ತಂದೆಯಾಗುತ್ತಾರೆ, ಆಮೇಲೆ ತಾತ. ನಾನು ಒಂದು ಮೆಟ್ಟಿಲು ಹಾರಿ ನೇರವಾಗಿ ತಾತನಾದೆ!

ನಗಿ, ನಗಿ. ನಾನೂ ಮೂವತ್ತೊಂದು ವರ್ಷ ನಕ್ಕಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಮಗು ಮೊದಲ ಅಕ್ಷರ ಕಲಿತ ದಿನ ನಮ್ಮ ಹಿರಿಯರು ಅದರ ನಾಲಿಗೆಗೆ ಜೇನು ಸವರುತ್ತಿದ್ದರು, ವಿದ್ಯೆ ಸಿಹಿ ಎಂದು ತಿಳಿಯಲಿ ಅಂತ. ಒಂದು ದಿನ, ಒಂದು ಬೆರಳು ಜೇನು. ಅದನ್ನು ನಾವು ಏನು ಮಾಡಿದೆವು? ಅಕ್ಷರ ಸರಿಯಾಗಿ ಹೇಳಿದರೆ ಟಾಫಿ, ತಪ್ಪು ಹೇಳಿ ಅತ್ತರೆ ಟಾಫಿ, ಸುಮ್ಮನೆ ಕೂತಿದ್ದಕ್ಕೆ ಟಾಫಿ, ಸುಮ್ಮನೆ ಕೂರಲಿ ಅಂತಲೂ ಟಾಫಿ. ಯಹೂದಿ ಮಗು ಹುಟ್ಟಿದ್ದೇ ಟಾಫಿ ತಿನ್ನಲು ಎನ್ನುವ ಹಾಗಾಯಿತು. ಇದರಲ್ಲಿ ಅಧ್ಯಾಪಕರ ಪಾಲೂ ಇದೆ. ನನ್ನ ಪಾಲು ದೊಡ್ಡದು.

ಕಳೆದ ಚಳಿಗಾಲದಲ್ಲಿ, ಮರಗಳ ಹೊಸವರ್ಷದ ಹಬ್ಬದ ದಿನ, ಶ್ರೀಮತಿ ಹಾಲ್ಪರ್ನ್ ನನ್ನನ್ನು ಒಂದನೇ ತರಗತಿಗೆ ಕರೆಸಿಕೊಂಡರು. ಮೇಜಿನ ಮೇಲೆ ಒಂದು ಪೇರ್ ಹಣ್ಣು, ಒಂದು ಕ್ಯಾರೆಟ್ಟು, ಒಂದು ಟಾಫಿ. ಏನನ್ನೇ ಬಾಯಿಗಿಡುವ ಮೊದಲು ನಾವು ಸೃಷ್ಟಿಕರ್ತನ ಸ್ತುತಿ ಹೇಳಬೇಕಲ್ಲ. ಮರದ ಹಣ್ಣಿಗೆ ಒಂದು, ನೆಲದಲ್ಲಿ ಬೆಳೆದದ್ದಕ್ಕೆ ಒಂದು, ಇವೆರಡೂ ಅಲ್ಲದ ಟಾಫಿ, ನೀರು, ಹಾಲು ಎಲ್ಲಕ್ಕೂ ಸೇರಿ ಇನ್ನೊಂದು: 'ಯಾರ ಮಾತಿನಿಂದ ಸಕಲವೂ ಉಂಟಾಯಿತೋ' ಎಂಬುದು. ಮಕ್ಕಳ ಭಾಷೆಯಲ್ಲಿ ಮರದ್ದು, ನೆಲದ್ದು, ಎಲ್ಲದ್ದು. ಮಕ್ಕಳು ಒಬ್ಬೊಬ್ಬರಾಗಿ ಬಂದು ಪೇರ್ ಹಣ್ಣು ಕೈಯಲ್ಲಿ ಹಿಡಿದರು. ಒಬ್ಬೊಬ್ಬರಾಗಿ 'ಎಲ್ಲದ್ದು' ಹೇಳಿದರು. ಕ್ಯಾರೆಟ್ಟಿಗೂ ಎಲ್ಲದ್ದು. ಇಪ್ಪತ್ತಾರು ಮಕ್ಕಳಲ್ಲಿ ನಾಲ್ಕು ಜನಕ್ಕೆ ಮಾತ್ರ ಮರದ್ದು ಗೊತ್ತಿತ್ತು. ಹೆನ್ನಿ ಎಂಬ ಪುಟ್ಟ ಹುಡುಗಿ ಟೀಚರಿಗೆ ಹೆಮ್ಮೆಯಿಂದ ಹೇಳಿದಳು: "ಮಿಸ್, ಇದು ಟಾಫಿ ತಾತನ ಸ್ತುತಿ. ನಂಗೆ ಇದೊಂದೇ ಬಾಯಿಪಾಠ."

ನಿಜ ಹೇಳುತ್ತೇನೆ, ನನ್ನ ಎದೆಯುಬ್ಬಿತು. ನನ್ನ ಹೆಸರಿನಲ್ಲಿ ಒಂದು ಸ್ತುತಿ! ಶ್ರೀಮತಿ ಹಾಲ್ಪರ್ನ್ ಮುಖ ನೋಡಿದ ಮೇಲೆಯೇ ಇದು ಸನ್ಮಾನವಲ್ಲ ಎಂದು ತಿಳಿದದ್ದು. ಆದರೂ ಬಿಡಲಿಲ್ಲ, ವಾದ ಮಾಡಿದೆ. ತಪ್ಪಿ ಹಣ್ಣಿಗೆ 'ಎಲ್ಲದ್ದು' ಹೇಳಿದರೂ ನಡೆಯುತ್ತದೆ ಎಂದು ಧರ್ಮಶಾಸ್ತ್ರದಲ್ಲೇ ಇದೆ, ರಬ್ಬಿಗಳೂ ತಲೆಯಾಡಿಸುತ್ತಿದ್ದಾರೆ ನೋಡಿ. ಆಕೆ ಏನೆಂದರು ಗೊತ್ತೇ? "ಝೆಲಿಗ್ ಅವರೇ, ನಡೀತದೆ ಅನ್ನೋದು ಬೇರೆ, ಕಲಿಸೋದು ಬೇರೆ. ಈ ಮಕ್ಕಳಿಗೆ ಪೇರ್ ಹಣ್ಣು ಮರದಲ್ಲಿ ಬಿಡುತ್ತೆ ಅಂತಾನೇ ಗೊತ್ತಿಲ್ಲ. ನಿಮ್ಮ ಮಾತು ಕೇಳ್ತವೆ ಅವು. ನೀವು ಹಣ್ಣು ಕೊಟ್ರೆ ಹಣ್ಣು ತಿಂತವೆ."

ಟಾಫಿ ಬಿಡಲು ನನ್ನಿಂದ ಆಗುವುದಿಲ್ಲ ಎಂದು ಮನೆಗೆ ಹೋದೆ.

ಮನೆ. ಮನೆಯಲ್ಲಿ ಗೀಟಲ್ ಇಲ್ಲದೆ ನಾಲ್ಕು ವರ್ಷ. ಪ್ರತಿ ಗುರುವಾರ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಟಾಫಿ ಸುರಿದುಕೊಂಡು ಪುಟ್ಟ ಪುಟ್ಟ ಪೊಟ್ಟಣ ಕಟ್ಟುತ್ತಿದ್ದವಳು ಅವಳೇ. ಯಾವ ಮಗುವಿಗೆ ಹಸಿರು ಇಷ್ಟ, ಯಾವುದಕ್ಕೆ ಕೆಂಪು, ಎಲ್ಲ ಅವಳಿಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಮಕ್ಕಳ ಹೆಸರು ಕೇಳಿಸುತ್ತಿದ್ದದ್ದು ಆ ಒಂದು ಸಂಜೆ. ಅವಳಿಗೆ ಸಕ್ಕರೆ ಕಾಯಿಲೆ. ಡಾಕ್ಟರರು ಸಿಹಿ ಮುಟ್ಟಬಾರದು ಎಂದಿದ್ದರು. ಅವಳ ಏಪ್ರನ್ನಿನ ಜೇಬಿನಲ್ಲಿ ಟಾಫಿ ಕಾಗದ ಸಿಗುತ್ತಿತ್ತು. ಒಗೆಯಲು ಹಾಕುವವನು ನಾನೇ ತಾನೇ? ಒಮ್ಮೆ ಕೈಯಲ್ಲಿ ಹಿಡಿದುಕೊಂಡು ಅವಳ ಮುಂದೆ ನಿಂತೆ. "ಬೈಬೇಡಿ ಕಣ್ರೀ. ಕಟ್ಟೋವಾಗ ಒಂದೊಂದು ಬಾಯಿಗೆ ಹಾಕ್ಕೊಂಡ್ರೆ ಮಕ್ಕಳ ಜೊತೆ ಕೂತು ತಿಂದ ಹಾಗಿರತ್ತೆ" ಅಂದಳು. ಕಾಗದ ಒಲೆಗೆ ಹಾಕಿದೆ. ಮೊದಲು ಕಾಲಿನ ಎರಡು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ... ಅವಳನ್ನು ಮಣ್ಣು ಮಾಡಿ, ಏಳು ದಿನದ ಶೋಕ ಮುಗಿಸಿ, ಮುಂದಿನ ಸಬ್ಬತ್ ನಾನು ಮತ್ತೆ ಟಾಫಿ ಹಂಚಿದೆ. ಆ ಪೊಟ್ಟಣಗಳು ಅವಳೇ ಕಟ್ಟಿಟ್ಟಿದ್ದವು.

ಕ್ಷಮಿಸಿ. ಇದು ನಾನು ಬರೆದುಕೊಂಡು ಬಂದ ಕಾಗದದಲ್ಲಿಲ್ಲ.

ಕಾಗದದಲ್ಲಿರುವುದು ಇಷ್ಟು: ವಾರದ ನಂತರ ಶ್ರೀಮತಿ ಹಾಲ್ಪರ್ನ್ ಅವರಿಗೆ ಆಗಲಿ ಎಂದೆ. ನನಗೆ ಪೂರ್ತಿ ಭರವಸೆ ಇತ್ತು. ಮೂವತ್ತೊಂದು ವರ್ಷದ ಸಂಬಂಧ. ಮಕ್ಕಳು ಬರುವುದು ನನಗಾಗಿ, ಟಾಫಿಗಾಗಿ ಅಲ್ಲ ಎಂದು ನಂಬಿದ್ದೆ. ಸಬ್ಬತ್ತಿನಂದು ಏನನ್ನೂ ಹೊತ್ತು ತರುವಂತಿಲ್ಲವಲ್ಲ, ಶುಕ್ರವಾರ ಮಧ್ಯಾಹ್ನವೇ ಹೋಗಿ ಸಿನಗಾಗಿನ ನನ್ನ ಟಾಫಿ ಪೆಟ್ಟಿಗೆಯಲ್ಲಿ ಕಿತ್ತಳೆ ತುಂಬಿಟ್ಟೆ. ಮರುದಿನ ಪ್ರಾರ್ಥನೆ ಮುಗಿಯಿತು. ಮಕ್ಕಳು ಓಡಿ ಬಂದರು, ಪೆಟ್ಟಿಗೆಯೊಳಗೆ ಇಣುಕಿದರು, ಒಬ್ಬರ ಮುಖ ಒಬ್ಬರು ನೋಡಿದರು. ಮೊಟ್ಲ್ ಎಂಬ ಹುಡುಗ ಹಿಂದಿನವರಿಗೆ ಕೂಗಿ ಹೇಳಿದ: "ನಡೀರೋ, ಅಂಗಡಿ ಮುಚ್ಚಿದೆ!"

ಮುಂದಿನ ವಾರ ಒಬ್ಬರೂ ಬರಲಿಲ್ಲ. ಎಲ್ಲಿ ಹೋದರು? ಎದುರಿನ ಬೆಂಚಿಗೆ! ಅಲ್ಲಿ ಲೇಜರ್ ಫಿಂಕಲ್, ನಮ್ಮ ಗಡಿಯಾರ ರಿಪೇರಿಯವನು, ಎರಡೂ ಕೈ ತುಂಬ ಟಾಫಿ ಇಟ್ಟುಕೊಂಡು ಮದುವೆ ಗಂಡಿನ ಹಾಗೆ ಕೂತಿದ್ದ. ನಾಲ್ಕನೇ ಸಾಲಿನಲ್ಲಿದ್ದಾನೆ ನೋಡಿ, ತಲೆ ಬಗ್ಗಿಸಬೇಡ ಲೇಜರ್, ನಿನ್ನ ಟೋಪಿ ಗುರುತು ಸಿಕ್ಕುತ್ತದೆ. ನನಗೆ ಮೈಯೆಲ್ಲ ಉರಿಯಿತು. ಮೂರು ವಾರ ತಡೆದುಕೊಂಡೆ, ನಾಲ್ಕನೇ ವಾರ ಮೆಟ್ಟಿಲ ಹತ್ತಿರ ಅಡ್ಡ ನಿಂತೆ. "ಏನಯ್ಯಾ ಲೇಜರ್, ಮಕ್ಕಳ ಹಲ್ಲು ಹಾಳು ಮಾಡೋಕೆ ನಾಚಿಕೆ ಆಗಲ್ವಾ?" ಎಂದು ಕೇಳಿದೆ. ಹೌದು, ನಾನೇ ಕೇಳಿದೆ. ಯಾರು ಯಾರಿಗೆ ಹೇಳುತ್ತಿದ್ದರು!

ಲೇಜರ್ ಮದುವೆಯಾಗದವನು, ಮಾತು ಕಡಿಮೆ. ಅವನು ಹೇಳಿದ್ದು ಇಷ್ಟೇ: "ಮೂವತ್ತೊಂದು ವರ್ಷ ಮಕ್ಕಳೆಲ್ಲ ನಿನ್ನ ಸುತ್ತ ಇದ್ರು ಝೆಲಿಗ್. ನಾನು ಎದುರುಗಡೆ ಕೂತು ನೋಡ್ತಿದ್ದೆ. ಒಂದು ನಾಲ್ಕು ವಾರ ನೀನು ನೋಡು."

ಮೂವತ್ತೊಂದು ವರ್ಷದಲ್ಲಿ ಎದುರಿನ ಬೆಂಚಿನಲ್ಲಿ ಯಾರು ಕೂತಿದ್ದಾರೆಂದು ನಾನು ತಲೆಯೆತ್ತಿ ನೋಡಿರಲಿಲ್ಲ.

ಅಷ್ಟರಲ್ಲಿ ಶ್ರೀಮತಿ ಹಾಲ್ಪರ್ನ್ ನನಗೆ ಇನ್ನೊಂದು ಕೆಲಸ ಹಚ್ಚಿದ್ದರು. ಪ್ರತಿ ಗುರುವಾರ ಬೆಳಿಗ್ಗೆ ಒಂದನೇ ತರಗತಿಯಲ್ಲಿ ಹಣ್ಣು ಕೊಯ್ಯುವುದು. ಕೈಗೆ ಚಾಕು ಬಂದ ಮೇಲೆ ನನ್ನ ಧೈರ್ಯವೇ ಬೇರೆ. ಸೇಬನ್ನು ಅಡ್ಡಕ್ಕೆ ಕೊಯ್ದು ಒಳಗಿನ ನಕ್ಷತ್ರ ತೋರಿಸಿದೆ. ಕಿತ್ತಳೆ ಸಿಪ್ಪೆಯನ್ನು ಎಲ್ಲೂ ಹರಿಯದ ಹಾಗೆ ಒಂದೇ ಪಟ್ಟಿಯಾಗಿ ಬಿಡಿಸಿದೆ. ಆಮೇಲೆ ಆಟ: ತಿನ್ನುವ ಮೊದಲು ಹಣ್ಣನ್ನು ಕಿವಿಯ ಹತ್ತಿರ ಹಿಡಿದು, 'ಎಲ್ಲಿ ಬೆಳೆದೆ ನೀನು?' ಎಂದು ಕೇಳಬೇಕು. ಉತ್ತರ ಗೊತ್ತಾದರೆ ಸ್ತುತಿ ತಾನಾಗಿಯೇ ಬರುತ್ತದೆ. ಬಾಳೆಹಣ್ಣು ಹಿಡಿದು ಮೊಟ್ಲ್ "ಮರದ್ದು!" ಎಂದು ಕೂಗಿದ. ಹೆನ್ನಿ ಸೊಂಟದ ಮೇಲೆ ಕೈಯಿಟ್ಟು, "ಏಯ್ ದಡ್ಡ, ಬಾಳೆ ಮರ ಅಲ್ಲ, ಗಿಡ. ಕಾಂಡ ಎಲ್ಲಾ ಬರೀ ಸಿಪ್ಪೆ. ಅದು ನೆಲದ್ದು" ಎಂದಳು. ಹಿಂದಿನ ತಿಂಗಳು ಇದೇ ಹೆನ್ನಿಗೆ ಟಾಫಿ ಒಂದೇ ಗೊತ್ತಿದ್ದದ್ದು. ನಾವು ಯಾರಿಗೂ ಇದು ತಿನ್ನಬೇಡ, ಅದು ಮುಟ್ಟಬೇಡ ಎನ್ನಲಿಲ್ಲ. ಯಾರ ಬುತ್ತಿಯನ್ನೂ ಬಿಚ್ಚಿ ನೋಡಲಿಲ್ಲ. ಅಜ್ಜಿ ಒಲೆಯಲ್ಲಿ ಬೇಯಿಸಿದ ಸಿಹಿ ತಿನಿಸು ಕೂಗೆಲ್ ಅನ್ನು ಬೈಯಲಿಲ್ಲ. ಬಾಯಿ ತೆರೆಯುವ ಮೊದಲು ಒಂದು ಕ್ಷಣ ನಿಂತು ಕೇಳು ಎಂದೆವು, ಅಷ್ಟೇ. ಆ ಪಾಠವನ್ನು ನಮ್ಮ ಹಿರಿಯರು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟು ಹೋಗಿದ್ದರು, ನಾವು ಅದರ ಮೇಲೆ ಟಾಫಿ ಸುರಿದಿದ್ದೆವು.

ಆದರೆ ಗುರುವಾರ ನಕ್ಷತ್ರ ನೋಡಿದ ಮಕ್ಕಳು ಸಬ್ಬತ್ತಿಗೆ ಮತ್ತೆ ಲೇಜರನ ಬೆಂಚಿಗೇ. ಐದನೇ ವಾರ ನನ್ನ ಮನಸ್ಸು ಸೋತಿತ್ತು. ಪ್ರಾರ್ಥನೆ ಮುಗಿದು, ದ್ರಾಕ್ಷಾರಸದ ಸ್ತುತಿಯೂ ಆಗಿ, ಎಲ್ಲರೂ ಕೇಕಿನ ಮೇಜಿನ ಸುತ್ತ ನಿಂತಿದ್ದರು. ನಾನು ಮೂಲೆಯಲ್ಲಿ ಒಂದು ಕಿತ್ತಳೆ ಬಿಡಿಸಿಕೊಂಡು, 'ಮರದ ಫಲವನ್ನು ಸೃಷ್ಟಿಸಿದವನೇ' ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ಮನೆಯಲ್ಲಿ ನಾಲ್ಕು ವರ್ಷದಿಂದ ಹಾಗೆಯೇ ಹೇಳಿಕೊಂಡು ತಿನ್ನುತ್ತಿದ್ದೇನೆ. ಸ್ತುತಿ ಕೇಳಿದವರು ಆಮೆನ್ ಎನ್ನಬೇಕು. ನನ್ನ ಮನೆಯಲ್ಲಿ ಕೇಳುವವರಿಲ್ಲ.

"ಆಮೆನ್" ಎಂದು ಬೆನ್ನ ಹಿಂದೆ ಕೇಳಿಸಿತು. ಹೆನ್ನಿ. ಎರಡೂ ಕೆನ್ನೆಯಲ್ಲಿ ಲೇಜರನ ಟಾಫಿ. "ತಾತಾ, ಒಬ್ಬರೇ ಮೂಲೇಲಿ ಹೇಳ್ಕೊಂಡ್ರೆ ಆಮೆನ್ ಯಾರು ಹೇಳ್ತಾರೆ? ಹೇಳೋಕೆ ಮುಂಚೆ ಕರೀರಿ ನನ್ನ" ಎಂದು ಗದರಿ, ಒಂದು ತೊಳೆ ಕಿತ್ತುಕೊಂಡು ಹೋದಳು.

ಸಭಿಕರೇ, ಆ ಸಬ್ಬತ್ ನಾನು ಮೇಲಂಗಿಯನ್ನು ತಿರುವುಮುರುವು ಹಾಕಿಕೊಂಡು ಮನೆಗೆ ಹೋದೆನಂತೆ. ನನಗೆ ಅದರ ಪರಿವೆಯೇ ಇರಲಿಲ್ಲ.

ಈಗ ಒಂಬತ್ತು ಮಕ್ಕಳು ನನ್ನ ಬಳಿ ಬರುತ್ತಾರೆ. ಉಳಿದವರೆಲ್ಲ ಲೇಜರನ ಬಳಿ. ಇವತ್ತಿನಿಂದ ಶಾಲೆಯೊಳಗೆ ಬಹುಮಾನಕ್ಕೆ ಟಾಫಿ ಕೊಡುವಂತಿಲ್ಲ ಎಂದು ಶ್ರೀಮತಿ ಹಾಲ್ಪರ್ನ್ ನಿಯಮ ಮಾಡಿದ್ದಾರೆ. ಒಳ್ಳೆಯದು, ಚಪ್ಪಾಳೆ ತಟ್ಟಿ. ಆದರೆ ಸಿನಗಾಗಿನ ಬೆಂಚಿಗೆ ನಿಯಮ ಹಚ್ಚುವವರು ಯಾರು? ಲೇಜರನ ಕೈಯಿಂದ ಟಾಫಿ ಬಿಡಿಸಿ ಎಂದು ಕಮಿಟಿಯವರು ನನ್ನನ್ನು ಕೇಳಿದರು. ಸಾಧ್ಯವಿಲ್ಲ ಎಂದೆ. ಬರಿಗೈ ಮಾಡಿ ಕೂರಿಸಿದರೆ ಅವನ ಬಳಿ ಯಾರು ಬರುತ್ತಾರೆ ಎಂಬುದು ಈ ಸಭೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನಗೆ ಬೇರೆಯದೇ ಒಂದು ತೊಂದರೆ ಇದೆ. ನಾನು ಬಟ್ಟೆ ಕತ್ತರಿಸಿದವನು, ನನ್ನ ಕೈ ದೊಡ್ಡದು. ಎರಡು ವಾರದ ಹಿಂದೆ ತರಗತಿಯಲ್ಲಿ ದಾಳಿಂಬೆ ಕೊಯ್ದೆ. ಇಪ್ಪತ್ತಾರು ಬಿಳಿ ಅಂಗಿಗಳ ಗತಿ ಏನಾಯಿತೆಂದು ಇಲ್ಲಿರುವ ತಾಯಂದಿರು ಹೇಳುತ್ತಾರೆ, ಅವರ ಬೈಗುಳ ಇನ್ನೂ ನನ್ನ ಕಿವಿಯಲ್ಲಿದೆ. ದಾಳಿಂಬೆ ಬಿಡಿಸಲು ಗಡಿಯಾರದ ಚಕ್ರ ಹಿಡಿದ ಕೈಯೇ ಬೇಕು. ನನಗೆ ಒಂದು ತರಗತಿ ಸಾಕು. ಎರಡನೇ ತರಗತಿಯ ಗುರುವಾರಕ್ಕೆ ಜನ ಬೇಕೆಂದು ಶ್ರೀಮತಿ ಹಾಲ್ಪರ್ನ್ ಹುಡುಕುತ್ತಿದ್ದಾರೆ. ನನ್ನ ಒಂಬತ್ತರಲ್ಲಿ ಐವರು ಬೇಸಿಗೆ ರಜೆ ಕಳೆದರೆ ಆ ತರಗತಿಗೇ ಹೋಗುತ್ತಾರೆ, ಹೆನ್ನಿಯೂ ಸೇರಿ. ಲೇಜರನ ಕೈಗೇ ಹೋಗಲಿ ಎಂದು ನಾನು ಒಪ್ಪಿದ್ದೇನೆ. ಒಪ್ಪಲು ಮೂರು ದಿನ ಹಿಡಿಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ನನ್ನ ತಪ್ಪನ್ನು ನನ್ನ ಕೈಯಿಂದಲೇ ತಿದ್ದಿಸಿದ ಮುಖ್ಯೋಪಾಧ್ಯಾಯಿನಿಯವರಿಗೆ, ನನ್ನನ್ನು ತಾತ ಎಂದು ಕರೆದ ಪ್ರತಿಯೊಂದು ಮಗುವಿಗೆ ನನ್ನ ಹೃದಯದ ವಂದನೆಗಳು. ಈ ಹಣ್ಣಿನ ಮೇಜನ್ನು ನಾನು ಉದ್ಘಾಟಿಸುವುದಿಲ್ಲ. ಲೇಜರ್, ಎದ್ದು ಬಾರಯ್ಯಾ. ದಾರಿ ಬಿಡಿ ಅವನಿಗೆ. ಜೇಬಿನಲ್ಲಿ ಏನಿದ್ದರೂ ಇರಲಿ, ಹಾಗೆಯೇ ಬಾ. ಇಲ್ಲಿ ಒಂದು ದಾಳಿಂಬೆ ಇದೆ, ಮೊದಲ ಕಾಳು ನಿನ್ನದು. ಸ್ತುತಿ ನೀನು ಹೇಳು, ಆಮೆನ್ ನಾನು ಹೇಳುತ್ತೇನೆ.

ಎಲ್ಲರಿಗೂ ನಮಸ್ಕಾರ.