ತಾರೀಕಿಗೆ ಬಿದ್ದ ಶ್ರಾದ್ಧ

ಕುಲಶೇಖರದ ಬಸ್ಸಿನಲ್ಲಿ ರಾಧಾಕೃಷ್ಣ ಭಟ್ಟರ ಮುಂದಿನ ಸೀಟಿನಲ್ಲಿ ಸಿಂಧು, ಜಿತೇಶ್ ಎಂಬ ಸಹೋದ್ಯೋಗಿಗಳಿಬ್ಬರು ಸೋತ ದನಿಯಲ್ಲಿ ಮಾತನಾಡುತ್ತಿದ್ದರು. ಹೆಂಡತಿ ತೀರಿಕೊಂಡಂದಿನಿಂದ ಭಟ್ಟರಿಗೆ ಪರರ ಮಾತು ಬೇಡವಾಗಿತ್ತು. ಇಂದು ಮಾತ್ರ ಕಿವಿಗೆ ಬಿತ್ತು.

"ಪುರೋಹಿತರನ್ನು ಗೊತ್ತುಮಾಡುವ ನಮ್ಮ ಬುಕಿಂಗ್ ಎಐ ಎಂತ ಮಾಡಿತು, ಸಿಂಧು?"

"ಕಾವೂರಿನವರೊಬ್ಬರು ಅಮ್ಮನ ವರ್ಷದ ಶ್ರಾದ್ಧಕ್ಕೆ ಕೇಳಿದ್ರು. ತೀರಿಹೋದ ತಾರೀಕಿಗೇ ಅದು ಬುಕ್ ಮಾಡಿತು. ಮುಂದಿನ ವಾರ."

"ಅದಕ್ಕೆ ಪಂಚಾಂಗದ ಟೂಲ್ ಕೊಟ್ಟಿದ್ದೇವಲ್ಲ?"

"ಕೊಟ್ಟದ್ದು ಹೌದು. ಯಾವಾಗ ಬಳಸಬೇಕು ಅಂತ ವಿವರಣೆಯಲ್ಲಿ ನಾನು ಬರೆಯಲಿಲ್ಲ. ಶ್ರಾದ್ಧ ತಿಥಿಗೆ ಅಂತ ಹೇಳಿಕೊಡ್ಬೇಕಾ ಮಾರಾಯ?"

"ಅದೆಂತ ನಿನ್ನ ಹಾಗೆ ಅರ್ಚಕರ ಮನೆಯಲ್ಲಿ ಹುಟ್ಟಿದ್ದಾ ಮಾರಾಯ್ತಿ? ಟೆಸ್ಟಿನಲ್ಲಿ ಪಾಸಾಗಿತ್ತಲ್ಲ?"

"ಟೆಸ್ಟಿನ ಪ್ರಶ್ನೆಗಳೂ ನನ್ನವೇ. ಎಲ್ಲದರಲ್ಲೂ ತಿಥಿ ಹೇಳಿಯೇ ಕೇಳಿದ್ದೆ."

"ಸರಿಯಾದ ತಿಥಿ ಯಾವಾಗ?"

"ನಾಳೆ."

"ಅವರಿಗೆ ಹೇಳಿದೆಯಾ?"

"ಯಾವ ಬಾಯಲ್ಲಿ ಹೇಳುವುದು?"

ಭಟ್ಟರಿಗೆ ತಡೆಯಲಾಗಲಿಲ್ಲ. "ಈಗಲೇ ಹೇಳು ಮಗಾ. ನಾಳೆ ಶ್ರಾದ್ಧ ಅಂದ್ರೆ ಇವತ್ತು ರಾತ್ರಿ ಅವರು ಉಣ್ಣುವ ಹಾಗಿಲ್ಲ."

ಸಿಂಧು ತಿರುಗಿ ನೋಡಿದಳು. ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು. ಬಸ್ಸು ಹೊರಡುವಾಗ ಅವಳು ಫೋನು ಕಿವಿಗೊತ್ತಿಕೊಂಡು, ತಲೆ ತಗ್ಗಿಸಿ ಹೇಳುತ್ತಿದ್ದಳು: "ನಾಳೆಯೇ ಅಣ್ಣ. ತಪ್ಪು ನನ್ನದು. ಪುರೋಹಿತರನ್ನು ನಾನೇ ಹುಡುಕಿ ಕೊಡ್ತೇನೆ."