ಹೊಸ ಚಾರ್ಜರ್‌ಗೆ ಒಲಿಯದ ದೀಪ

ಇಸ್ತ್ರಿಪೆಟ್ಟಿಗೆಯ ವೈರ್‌ಗೆಂದು ಬಿಡಿಭಾಗದ ಅಂಗಡಿಯ ಸಾಲಿನಲ್ಲಿ ನಿಂತಿದ್ದ ದರ್ಜಿಯ ಕಿವಿಯೆಲ್ಲ ಮುಂದಿದ್ದ ಅಪ್ಪ-ಮಗಳ ಮೇಲೇ ಇತ್ತು. ಅಪ್ಪನ ಕೈಯಲ್ಲಿ ಮನೆಯಲ್ಲೇ ಮಾಡಿದ ಪುಟ್ಟ ದೀಪ.

“ಹಳೇ ಚಾರ್ಜರ್‌ಗೆ ಹಾಕಿದ್ರೆ ಚಾರ್ಜ್ ಆಗುತ್ತೆ, ಹೊಸದಕ್ಕೆ ಜಪ್ಪಯ್ಯ ಅಂದ್ರೂ ಆಗಲ್ಲ. ಸಾಕೆಟ್ಟೇ ಹಾಳು, ಬೇರೆ ತಗೊಳ್ಳೋಣ.”

“ಅಪ್ಪಾ, ಟೈಪ್-ಸಿ ಸಾಕೆಟ್ ಕೂರಿಸುವಾಗ ಎರಡು ರೆಸಿಸ್ಟರ್ ಹಾಕಿದ್ಯಾ?”

“ಅಕ್ಕಿ ನುಚ್ಚಿನಷ್ಟಿದ್ವು. ಯಾತಕ್ಕೆ ಅಂತ ಬಿಟ್ಟೆ.”

“ಅವಿಲ್ದಿದ್ರೆ ಹೊಸ ಚಾರ್ಜರ್‌ಗೆ ದೀಪ ಸಿಕ್ಕಿಸಿರೋದೇ ಗೊತ್ತಾಗಲ್ಲ. ಕರೆಂಟೇ ಬಿಡಲ್ಲ.”

“ಹಳೇದು?”

“ಅದು ಕೇಳದೇ ಕೊಡುತ್ತೆ.”

ದರ್ಜಿಗೆ ತಲೆಬುಡ ತಿಳಿಯಲಿಲ್ಲ. ಅಪ್ಪನಿಗೂ ತಿಳಿದಂತಿರಲಿಲ್ಲ.

“ಈ ದೀಪಾನ ನಿಮ್ಮಜ್ಜಿಗೆ ಕೊಟ್ಟಿದ್ನಲ್ಲ, ಅವಳ ಹತ್ರ ಇರೋದು ಯಾವ ಚಾರ್ಜರ್?” ಅಪ್ಪ ಕೇಳಿದ.

“ಹೊಸದು.”

“ಹಾಗಾದ್ರೆ ನಮ್ಮಮ್ಮ ಸರಿಯಾಗೇ ಸಿಕ್ಕಿಸ್ತಿದ್ಲಾ?”

“ದಿನಾ. ‘ಕೈ ನಡುಗುತ್ತೆ, ನಿಂಗೆ ಬರಲ್ಲ’ ಅಂತ ಅಜ್ಜಿಗೆ ಬೈದು ದೀಪ ಕಿತ್ಕೊಂಡು ಬಂದೋನು ನೀನು.”

ಮಗಳು ಕೇಳಿದ ರೆಸಿಸ್ಟರ್ ಪೊಟ್ಟಣ ಕೈಗೆ ಬಂತು. ಇಬ್ಬರೂ ಬಾಗಿಲ ಕಡೆ ಹೊರಟರು.

“ಮತ್ತೆ ಒಂದು ಮಾತೂ ಆಡ್ಲಿಲ್ಲವಲ್ಲೇ ಅವಳು?”

“ಮಗ ಮಾಡಿದ ದೀಪ ಅಲ್ವಾ ಅಪ್ಪಾ? ತಪ್ಪು ತನ್ನ ಕೈಯದೇ ಅಂದ್ಕೊಂಡಿದ್ಲು.”

ಬಾಗಿಲು ಮುಚ್ಚಿಕೊಂಡಿತು.