ಕಲ್ಯಾಣಪ್ಪನ ಕೊಪ್ಪೆ

ದನಿ ತಗ್ಗಿಸಿಯೇ ಹೇಳುತ್ತೇನೆ, ಮಗ್ಗುಲ ಮನೆಯಲ್ಲಿ ಲಾವಣ್ಯ ಇನ್ನೂ ಮಲಗಿಲ್ಲ. ಅವಳ ಗಂಡ ಅಂಬರೀಶನಿಗೆ ಬಲಗೈ ಇಲ್ಲ ಅನ್ನುವುದು ಓಣಿಗೆಲ್ಲ ಗೊತ್ತು. ಮಷೀನಿಗೆ ಸಿಕ್ಕು ಹೋಯಿತು ಅನ್ನುತ್ತಾರೆ. ಸುಳ್ಳೇನಲ್ಲ. ಆದರೆ ಆ ಹೊತ್ತಿನಲ್ಲಿ ಮಷೀನು ಬಂದ್ ಆಗಿತ್ತು... ಬೀಗ ಹಾಕಿತ್ತು... ಬೀಗದ ಕೈ ಅವನದೇ ಜೇಬಿನಲ್ಲಿತ್ತು.

ಶುರುವಾದದ್ದು ಇಲ್ಲೇ, ನಮ್ಮ ಓಣಿಗೆ ತಿರುಗುವ ದಾರಿಯ ಹಾಳು ಬಾವಿಯ ಹತ್ತಿರ. ಹೋದ ಜನವರಿ. ಎರಡನೇ ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಹೈವೇಯಲ್ಲಿ ಇಳಿದು ಅಂಬರೀಶ ಒಬ್ಬನೇ ನಡೆದು ಬರುತ್ತಿದ್ದ. ರಾತ್ರಿ ಹನ್ನೊಂದೂವರೆ. ಗಾಳಿ ಇಲ್ಲ. ಆದರೂ ಬಾವಿಯ ಮೇಲಿನ ತುಕ್ಕು ಹಿಡಿದ ಗಾಲಿ ಒಂದು ಸುತ್ತು ತಿರುಗಿತು. ಕಿರ್ರ್... ಅಂತ ಶುರುವಾಗಿ ಕಟ್ ಅಂತ ನಿಂತಿತು.

ಯಾರೋ ಹಿಂದಿನಿಂದ ಬಲಭುಜ ತಟ್ಟಿದರು. ಟಪ್... ಟಪ್. ಎರಡೇ ಸಲ, ಗುರುತಿನವರು ತಟ್ಟುವ ಹಾಗೆ.

"ಹೆಲ್ಮೆಟ್ ಹಾಕ್ಕೊಂಡಿದಿ. ಚಲೋ ಮಾಡಿದಿ."

ತಿರುಗಿದರೆ ಯಾರೂ ಇಲ್ಲ. ತಲೆ ಮುಟ್ಟಿ ನೋಡಿಕೊಂಡ. ಕಾರ್ಖಾನೆಯ ಹಳದಿ ಹೆಲ್ಮೆಟ್ಟು ತಲೆಯ ಮೇಲೇ ಇತ್ತು. ಅದನ್ನು ಗೇಟಿನ ಗೂಟಕ್ಕೆ ಹಾಕಿ ಬಂದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅಷ್ಟರಲ್ಲಿ ಅದೇ ಪಿಸುದನಿ, ಈಗ ಕಿವಿಗೆ ಇನ್ನೂ ಹತ್ತಿರ...

"ಏನಾಗಬೋದಿತ್ತು?"

ಅಂಬರೀಶ ಓಡಿದ. ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಯಾಕಂದರೆ ಆ ದನಿ ಅವನ ಮಾವ ಕಲ್ಯಾಣಪ್ಪನದು, ಲಾವಣ್ಯಳ ಅಪ್ಪನದು. ಕಲ್ಯಾಣಪ್ಪನನ್ನು ಅವರೂರು ಮನೂರಿನ ಹತ್ತಿರದ ಹೊಲದಲ್ಲಿ ಹೂತು ಆಗಲೇ ಹದಿನೈದು ದಿನ ಆಗಿತ್ತು. ಇನ್ನು ಆ ಮಾತುಗಳಿದ್ದವಲ್ಲ, ಅವು ಅಂಬರೀಶನವೇ. ದಿನಾ ಹತ್ತು ಸಲ ಬೇರೆಯವರಿಗೆ ಅವನು ಹೇಳುತ್ತಿದ್ದ ಮಾತುಗಳು.

ಅವನ ಕೆಲಸ ಅಂಥದ್ದು. ಜಹೀರಾಬಾದಿನ ಆಚೆ ಟ್ರ್ಯಾಕ್ಟರಿನ ಭಾಗಗಳನ್ನು ಎರಕ ಹೊಯ್ಯುವ ಒಂದು ಕಾರ್ಖಾನೆ, ಹೆಸರು ಬೇಡ. ಅಲ್ಲಿ ಕೆಲಸಗಾರರನ್ನು ನೋಡುವುದೇ ಅಂಬರೀಶನ ಕೆಲಸ. ಯಾರು ಕನ್ನಡಕ ಹಾಕಿಲ್ಲ, ಯಾರು ನಡೆಯುವ ಮಷೀನಿಗೆ ಕೈ ಹಾಕುತ್ತಾರೆ, ನೋಡಬೇಕು, ನೋಡಿ ಹೇಳಬೇಕು. ಹೇಳುವುದಕ್ಕೂ ಒಂದು ರೀತಿ ಇತ್ತು, ಸೇಫ್ಟಿ ಸಾಹೇಬ ಪ್ರಮೋದ ಕಲಿಸಿದ್ದು. ಮೊದಲು ಭುಜವನ್ನು ಎರಡು ಸಲ ತಟ್ಟಬೇಕು. ಆಮೇಲೆ ಅವನು ಸರಿ ಮಾಡಿದ ಒಂದು ಕೆಲಸ ಹೆಸರಿಸಿ ಹೊಗಳಬೇಕು. ಆಮೇಲೆ ತಪ್ಪು ತೋರಿಸಿ, ಏನಾಗಬಹುದಿತ್ತು ಎಂದು ಅವನ ಬಾಯಿಂದಲೇ ಹೊರಡಿಸಬೇಕು. ಬೈಯುವ ಹಾಗಿಲ್ಲ. ಕೊನೆಗೆ ಒಂದು ಕಾರ್ಡು. ಅದರಲ್ಲಿ ಕೆಲಸಗಾರನ ನಂಬರು, ಸರಿ ಮಾಡಿದ್ದರ ಚಿತ್ರಕ್ಕೊಂದು ಗುರುತು, ಆಮೇಲೆ ಎರಡು ಮನೆ: ಹೇಳಿದೆಯಾ? ಕೇಳಿದನಾ? ಓದು ಬಾರದವರೂ ತುಂಬಲಿ ಅಂತ ಎಲ್ಲದಕ್ಕೂ ಗೆರೆ ಎಳೆದರೆ ಸಾಕು, ಎಷ್ಟು ಸಲ ಹೇಳಿದರೆ ಅಷ್ಟು ಗೆರೆ, ಕೆಳಗೆ ಹೇಳಿದವನ ಸಹಿ ಇಲ್ಲವೇ ಹೆಬ್ಬೆಟ್ಟು. ಆ ಕಾರ್ಡನ್ನು ಬೀಗ ಹಾಕಿದ ಕೆಂಪು ಡಬ್ಬಿಗೆ ಹಾಕಬೇಕು.

ಕಲ್ಯಾಣಪ್ಪನಿಗೆ ಅಲ್ಲಿ ಕೆಲಸ ಕೊಡಿಸಿದವನೂ ಅಂಬರೀಶನೇ. ಜೀವಮಾನವೆಲ್ಲ ಕುರಿ ಕಾಯ್ದ ಮನುಷ್ಯ, ಮೊಣಕಾಲು ನೋವಿಗೆ ಕುರಿಯ ಹಿಂದೆ ತಿರುಗಲಾಗದೆ ಬಂದಿದ್ದ. ಉಣ್ಣೆ ಕತ್ತರಿಸುವಾಗ ಕತ್ತರಿ ತಾಗಿ ಎಡ ಹೆಬ್ಬೆಟ್ಟಿನಲ್ಲಿ ಒಂದು ಅಡ್ಡಗೆರೆ ಬಿದ್ದಿತ್ತು. ಕಾರ್ಖಾನೆಯ ಸಹಿಯೂ ಅದೇ ಹೆಬ್ಬೆಟ್ಟು. ಕೆಲಸ ನೆಲದಡಿಯ ಸುರಂಗದಲ್ಲಿ. ಎರಕದ ಬಿಸಿ ಮರಳನ್ನು ಒಂದು ಉದ್ದನೆಯ ಬೆಲ್ಟು ಅಲ್ಲಿಂದ ಹೊತ್ತೊಯ್ಯುತ್ತದೆ. ಬೆಲ್ಟಿನ ತುದಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು, ಅದು ತಿರುಗಿದರೆ ಬೆಲ್ಟು ತಿರುಗುತ್ತದೆ. ಅದರ ಪಕ್ಕ ಚೆಲ್ಲಿದ ಮರಳನ್ನು ಸಲಿಕೆಯಿಂದ ಎತ್ತಿ ಹಾಕಬೇಕು. ಮೇಲಿಂದ ಬಿಸಿ ಮರಳು ಕುತ್ತಿಗೆಗೆ ಉದುರುತ್ತಲೇ ಇರುತ್ತದೆ. ಅದಕ್ಕೆ ಕಲ್ಯಾಣಪ್ಪ ಹೆಲ್ಮೆಟ್ಟಿನ ಮೇಲೆ ತನ್ನ ಕರಿ ಕಂಬಳಿಯ ಕೊಪ್ಪೆ ಹಾಕಿಕೊಳ್ಳುತ್ತಿದ್ದ. ಮಳೆಯಲ್ಲಿ ಕುರಿ ಕಾಯುವವರು ತಲೆಯಿಂದ ಇಳಿಬಿಟ್ಟುಕೊಳ್ಳುತ್ತಾರಲ್ಲ, ಹಾಗೆ. ಕಂಬಳಿಯ ಮೂಲೆ ಡ್ರಮ್ಮಿನಿಂದ ಒಂದು ಗೇಣು ದೂರದಲ್ಲಿ ತೂಗುತ್ತಿತ್ತು.

ಅಂಬರೀಶ ಇದನ್ನು ನೋಡಿದ. ಒಂದು ದಿನ ಅಲ್ಲ, ಇಪ್ಪತ್ತು ದಿನ ನೋಡಿದ. ಬಾಯಿ ಬರಲಿಲ್ಲ. ಅವನ ಮದುವೆಯಲ್ಲಿ ಅಕ್ಕಿ ಹರವಿ ಅವನನ್ನೂ ಲಾವಣ್ಯಳನ್ನೂ ಕೂರಿಸಿದ್ದು ಅದೇ ಕಂಬಳಿಯ ಮೇಲೆ. ಅವರ ಮನೆತನದಲ್ಲಿ ಹಿರಿಯನ ತಲೆಯಿಂದ ಕಂಬಳಿ ತೆಗೆಸುವುದು ಅವನು ಹೆಣವಾದ ಮೇಲೆ ಮಾತ್ರ. ಬದುಕಿರುವ ಮಾವನಿಗೆ ಅಳಿಯ ಅದನ್ನು ತೆಗಿ ಅನ್ನುವುದು ಹೇಗೆ. ಸುರಂಗದ ಬಾಯಿಯ ತನಕ ಹೋಗುವುದು, ಗಂಟಲು ಸರಿಪಡಿಸಿಕೊಳ್ಳುವುದು, ಊಟ ಆಯಿತೇ ಅಂತ ಕೇಳಿ ವಾಪಸು ಬರುವುದು. ದಿನಾ ಇಷ್ಟೇ.

ಇಪ್ಪತ್ತೊಂದನೇ ದಿನ ಮೂಲೆ ಸಿಕ್ಕಿತು. ಕೂಗಲು ವ್ಯವಧಾನ ಇರಲಿಲ್ಲ. ಡ್ರಮ್ಮು ಮೊದಲು ಕಂಬಳಿ ಎಳೆದುಕೊಂಡಿತು, ಕಂಬಳಿ ಕುತ್ತಿಗೆಯನ್ನು ಎಳೆಯಿತು. ಮೇಲೆ ನಿಂತವರಿಗೆ ಕೇಳಿಸಿದ್ದು ಹತ್ತಿಕಟ್ಟಿಗೆ ಮುರಿದಂಥ ಪಟ್ ಅನ್ನುವ ಒಂದೇ ಸಪ್ಪಳ. ಆಮೇಲೆ ಹೆಲ್ಮೆಟ್ಟು ಡ್ರಮ್ಮಿಗೆ ಬಡಿಯುವ ಗಡ್... ಗಡ್... ಗಡ್. ಬೆಲ್ಟು ನಿಲ್ಲಿಸುವಷ್ಟರಲ್ಲಿ ರಕ್ತ ಕುಡಿದ ಮರಳು ಮೂವತ್ತು ಮಾರು ಮುಂದೆ ಹೋಗಿತ್ತು. ಮಾವನನ್ನು ಬಿಡಿಸಿ ತೆಗೆದವನು ಅಂಬರೀಶನೇ. ತೆಗೆದದ್ದರಲ್ಲಿ ಮುಖ ಅನ್ನುವುದು ಇರಲಿಲ್ಲ. ಉಳಿದ ಅರ್ಧ ಕಂಬಳಿಯಲ್ಲಿ ಸುತ್ತಿ ಹೂಳಿದರು.

ಇಲ್ಲಿಯ ತನಕ ಅವನ ಮೇಲೆ ನನಗೆ ಸಿಟ್ಟಿಲ್ಲ. ಸಂಕೋಚ ಯಾರಿಗಿಲ್ಲ. ಮುಂದೆ ಮಾಡಿದ್ದನ್ನು ಮಾತ್ರ ಹೊಟ್ಟೆಗೆ ಹಾಕಿಕೊಳ್ಳಲಾರೆ. ಆಂಬ್ಯುಲೆನ್ಸ್ ಬರುವ ಮೊದಲೇ ಅವನು ಪಾಯಖಾನೆಗೆ ಹೋಗಿ ಚಿಲಕ ಹಾಕಿಕೊಂಡ. ಕೈ ತೊಳೆದ. ಜೇಬಿನಿಂದ ಖಾಲಿ ಕಾರ್ಡು ತೆಗೆದು ಹಿಂದಿನ ದಿನದ ತಾರೀಖು ಹಾಕಿದ. ಮಾವನ ನಂಬರು ಬರೆದ. ಹೇಳಿದೆಯಾ? ಹೌದು. ಕೇಳಿದನಾ? ಇಲ್ಲ. ಮಡಿಚಿ ಕೆಂಪು ಡಬ್ಬಿಗೆ ಹಾಕಿ ಬಂದ. ಅವನ ನೌಕರಿ ಉಳಿಯಿತು. ಕಾರ್ಡನ್ನು ದೊಡ್ಡದು ಮಾಡಿಸಿ ಗೇಟಿನಲ್ಲಿ ಅಂಟಿಸಿದರು, ಹೇಳಿದರೂ ಕೇಳದವನ ಗತಿ ಅಂತ. ಊರಲ್ಲಿಯೂ ಅದೇ ಮಾತಾಯಿತು, ಅಳಿಯ ಹೇಳಿದರೂ ಕೇಳಲಿಲ್ಲವಂತೆ ಮೊಂಡ ಮುದುಕ. ಹದಿಮೂರನೇ ದಿನದ ಊಟಕ್ಕೂ ಅರ್ಧ ಜನ ಅದನ್ನೇ ಜಗಿಯುತ್ತಾ ಎದ್ದರು.

ಬಾವಿಯಿಂದ ಓಡಿಬಂದ ರಾತ್ರಿ ಲಾವಣ್ಯ ನೀರು ಕೊಟ್ಟು ಎದುರಿಗೆ ಕೂತಳಂತೆ. ಆಮೇಲೆ ಕೇಳಿದಳು.

"ನಮ್ಮಪ್ಪ ಯಾರ ಮಾತೂ ತೆಗೆದ್ಹಾಕಿದಾತ ಅಲ್ಲ. ನೀ ಹೇಳಿದ್ದಿ, ಹೌದಲ್ಲ?"

"ಹೇಳಿದ್ದೆ," ಅಂದ ಅಂಬರೀಶ. ಅವಳ ಕಣ್ಣು ತಪ್ಪಿಸಿ ಅಂದ. ನಿಜ ಹೇಳಿದರೆ ನೌಕರಿ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಈ ಹೆಂಗಸು ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ ಅನ್ನುವ ಹೆದರಿಕೆ. ದೆವ್ವಕ್ಕಿಂತ ಆ ಹೆದರಿಕೆ ದೊಡ್ಡದಾಗಿತ್ತು.

ಎರಡು ದಿನ ಬಿಟ್ಟು ಮತ್ತೆ ಬಾವಿ. ಟಪ್... ಟಪ್. ಈ ಸಲ ಓಡಲು ಬಿಡಲಿಲ್ಲ. ಒರಟಾದ ಉಣ್ಣೆ ಕುತ್ತಿಗೆಗೆ ಬಿದ್ದು ಬಿಗಿಯಿತು. ಬಿಸಿ ಮರಳು ಬೆನ್ನೊಳಗೆ ಇಳಿಯಿತು. ಎಳೆದ ರಭಸಕ್ಕೆ ಮಂಡಿಯ ಚರ್ಮ ಕಿತ್ತು ಬಂತು, ಹಲ್ಲು ಬಾವಿಯ ಕಟ್ಟೆಗೆ ಬಡಿದು ಎರಡು ಮುರಿದವು. ಕೆಳಗೆ ಕತ್ತಲು, ಕತ್ತಲಿನೊಳಗೆ ಡ್ರಮ್ಮಿನ ಗಡ್... ಗಡ್.

"ಕಾರ್ಡ್ ನೀಟ ತುಂಬಿದಿ. ಚಲೋ ಮಾಡಿದಿ," ಅಂದಿತು ದನಿ. ಬೈಗುಳ ಇಲ್ಲ, ಕಲಿಸಿದ ರೀತಿಯಲ್ಲೇ. "ಆದ್ರ ನೀ ನನಗ ಹೇಳಿದ್ದಿ ಏನ್?"

ಅಂಬರೀಶನ ಬಾಯಿಂದ ರಕ್ತ ಬಂತು, ಮಾತು ಬರಲಿಲ್ಲ. ಬಿಗಿತ ತಾನಾಗೇ ಸಡಿಲಾಯಿತು. ಮರುದಿನ ನಾವೆಲ್ಲ ಅವನ ಕುತ್ತಿಗೆ ನೋಡಿದ್ದೇವೆ, ಸುತ್ತಲೂ ಕಂಬಳಿಯ ನೇಯ್ಗೆಯ ಅಚ್ಚು ಬಿದ್ದಿತ್ತು. ಬೈಕಿನಿಂದ ಬಿದ್ದೆ ಅಂದ. ಅವನಿಗೆ ಬೈಕೇ ಇಲ್ಲ.

ಮೂರನೆಯದು ಕಾರ್ಖಾನೆಯಲ್ಲಿ. ಆ ದಿನ ರಿಪೇರಿಗೆಂದು ಬೆಲ್ಟು ನಿಲ್ಲಿಸಿದ್ದರು. ಸ್ವಿಚ್ಚಿಗೆ ಅಂಬರೀಶನೇ ಬೀಗ ಜಡಿದು ಕೀಲಿ ಜೇಬಿಗೆ ಹಾಕಿಕೊಂಡಿದ್ದ. ಫಿಟ್ಟರ್ ದಶರಥ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದ. ಸುರಂಗ ಖಾಲಿ ಇದೆಯೋ ನೋಡಿ ಬರಲು ಅಂಬರೀಶ ಒಬ್ಬನೇ ಇಳಿದ. ಡ್ರಮ್ಮಿನ ಮುಂದೆ ಯಾರೋ ಬೆನ್ನು ಮಾಡಿ ನಿಂತಿದ್ದರು. ಕೊಪ್ಪೆ ಹಾಕಿದ ಅರ್ಧ ಕಂಬಳಿ, ಹರಿದ ಕಡೆ ಮಣ್ಣು ಮೆತ್ತಿತ್ತು. ಕರ್ರ್... ಕರ್ರ್... ಅಂತ ಸಲಿಕೆ ನೆಲ ಕೆರೆಯುತ್ತಿತ್ತು. ಕಂಬಳಿಯ ಮೂಲೆ ಡ್ರಮ್ಮಿಗೆ ಒಂದು ಗೇಣು ದೂರ.

ಸುರಂಗದಲ್ಲಿ ಎರಡು ದನಿ ಕೇಳಿತು ಅಂತ ದಶರಥ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ. ಒಂದು ಮುದುಕನದು.

"ಕೀಲಿ ಹಾಕಿ ಇಳದಿದಿ. ಚಲೋ ಮಾಡಿದಿ. ಈಗರ ನನಗ ಹೇಳ್... ಕಂಬಳಿ ತೆಗಿ ಅನ್ನು."

ಹೇಳಿದ್ದರೆ ಮುಗಿಯುತ್ತಿತ್ತು. ಎರಡೇ ಶಬ್ದ. ಅಂಬರೀಶ ಗೋಡೆಗೆ ಒರಗಿ ಅಂದದ್ದು ಮಾತ್ರ ಬೇರೆ.

"ನಾ ಹೇಳಿದ್ದೆ, ಮಾವ. ನೀವೇ ಕೇಳಲಿಲ್ರಿ."

ಸಲಿಕೆ ನಿಂತಿತು. ಬೀಗ ಹಾಕಿದ ಬೆಲ್ಟು ಸೊರ್ರ್ ಅಂತ ಎಳೆದುಕೊಂಡಿತು. ಭುಜ ತಟ್ಟುವ ಕೈ ಈ ಸಲ ಮಣಿಕಟ್ಟು ಹಿಡಿಯಿತು, ಹಿಡಿದು ಡ್ರಮ್ಮಿನ ಸಂದಿಗೆ ಕೊಟ್ಟಿತು. ಬೆರಳು ಒಂದೊಂದಾಗಿ ಹೋದವು. ಆಮೇಲೆ ಮೊಣಕೈ, ಆಮೇಲೆ ಭುಜದ ಕೀಲು ಕಿತ್ತು ಬಂದ ಸಪ್ಪಳ. ದಶರಥ ಇಳಿದು ಬರುವಷ್ಟರಲ್ಲಿ ಬೆಲ್ಟು ನಿಂತಿತ್ತು. ಸ್ವಿಚ್ಚಿನ ಬೀಗ ಹಾಗೇ ಇತ್ತು. ಅಂಬರೀಶನ ತೋಳಿನ ಬುಡದಿಂದ ರಕ್ತ ಚಿಮ್ಮಿ ಗೋಡೆಗೆ ಹಾರುತ್ತಿತ್ತು, ಅವನು ಎಚ್ಚರವಾಗೇ ಇದ್ದ.

ಆಸ್ಪತ್ರೆಯಲ್ಲಿ ಲಾವಣ್ಯ ಬಂದಾಗ ಅವನು ಮೊದಲು ಆಡಿದ ಮಾತು ಒಂದೇ. "ನಾ ಹೇಳಿದ್ದಿಲ್ಲ." ಬಾವಿಯದು, ಕಾರ್ಡಿನದು ಎಲ್ಲ ಆಮೇಲೆ ಬಾಯಿಬಿಟ್ಟ. ಅವಳು ಅವನನ್ನು ಬಿಟ್ಟು ಹೋಗಲಿಲ್ಲ. ಆದರೆ ಅವತ್ತಿನಿಂದ ಅವನೊಡನೆ ಒಂದು ಮಾತೂ ಆಡಿಲ್ಲ. ಗೇಟಿನಲ್ಲಿ ಅಂಟಿಸಿದ್ದನ್ನು ತಾನೇ ಹೋಗಿ ಹರಿದು ಬಂದಳು. ಯಾರೂ ತಡೆಯಲಿಲ್ಲ.

ಸೋಮವಾರ ಪ್ರಮೋದ ಸಾಹೇಬ ಎಂದಿನಂತೆ ಕೆಂಪು ಡಬ್ಬಿ ತೆರೆದರು. ಅದರ ಕೀಲಿ ಅವರೊಬ್ಬರ ಹತ್ತಿರವೇ ಇರುವುದು. ಒಂದು ಕಾರ್ಡು ಮರಳು ಮೆತ್ತಿಕೊಂಡು ಕೆಳಗೆ ಕೂತಿತ್ತು. ಅದರ ಮೇಲೆ ಅಂಬರೀಶನ ನಂಬರು. ಸರಿ ಮಾಡಿದ್ದು, ಬೀಗದ ಚಿತ್ರಕ್ಕೆ ಗುರುತು. ಹೇಳಿದೆಯಾ, ಅದರ ಮುಂದೆ ಹೌದು ಅಂತ ಮೂರು ಗೆರೆ. ಕೇಳಿದನಾ, ಇಲ್ಲ. ಕೆಳಗೆ ಸಹಿಯ ಜಾಗದಲ್ಲಿ ಎಡ ಹೆಬ್ಬೆಟ್ಟು. ಹೆಬ್ಬೆಟ್ಟಿನ ನಡುವೆ ಒಂದು ಅಡ್ಡಗೆರೆ.

ಸಾಹೇಬ ಅದನ್ನು ಲಾವಣ್ಯಳ ಕೈಗೆ ಕೊಟ್ಟು ಹೋದರು, ಅವಳು ಅಪ್ಪನ ಫೋಟೋದ ಹಿಂದೆ ಇಟ್ಟಿದ್ದಾಳೆ. ಸುಳ್ಳು ಹೇಳಿ ನನಗೇನು ಬರಬೇಕು, ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೊನ್ನೆ, ಅಂದರೆ ಆಗಿ ಒಂಬತ್ತು ತಿಂಗಳಾದ ಮೇಲೆ. ಅದಕ್ಕೆ ಮೆತ್ತಿದ ಮರಳು ಇನ್ನೂ ಬಿಸಿ ಇತ್ತು.